ಉದುರುವ ಹೂವಿನ ಬಳ್ಳಿ: ಪಿಕೊಲಿತ್ ದ್ರಾಕ್ಷಿಯ ಮುನ್ನೂರು ವರ್ಷ

1709ರ ಜನವರಿಯಲ್ಲಿ ವೆನಿಸ್ ನಗರದ ಸುತ್ತಲಿನ ಹಿನ್ನೀರು ಹೆಪ್ಪುಗಟ್ಟಿತು. ದೋಣಿಗಳು ಓಡಾಡುತ್ತಿದ್ದ ಜಾಗದಲ್ಲಿ ಜನ ನಡೆದು ದಾಟಿದರು. ಯುರೋಪಿನ ಬಹುಭಾಗದಲ್ಲಿ ಆ ಚಳಿಗಾಲ ಬೆಳೆ, ದನಕರು, ಮನುಷ್ಯರು ಎನ್ನದೆ ಎಲ್ಲವನ್ನೂ ಬಲಿ ತೆಗೆದುಕೊಂಡಿತು. ವೆನಿಸ್ ಗಣರಾಜ್ಯದ ಈಶಾನ್ಯ ಮೂಲೆಯಲ್ಲಿ, ಆಲ್ಪ್ಸ್ ಪರ್ವತಕ್ಕೂ ಆಡ್ರಿಯಾಟಿಕ್ ಸಮುದ್ರಕ್ಕೂ ನಡುವೆ ಇದ್ದ ಫ್ರಿಯುಲಿ ಪ್ರಾಂತ್ಯದಲ್ಲಿ ದ್ರಾಕ್ಷಿ ಬಳ್ಳಿಗಳು ಬುಡಸಮೇತ ಸತ್ತವು. ಮರುವರ್ಷ ರೈತರು ಹೊಸ ಬಳ್ಳಿ ನೆಡಬೇಕಾಯಿತು. ನೆಟ್ಟದ್ದು ಯಾವುದನ್ನು? ಬೇಗ ಫಲ ಕೊಡುವ, ಗೊಂಚಲು ತುಂಬ ಹಣ್ಣು ಬಿಡುವ ತಳಿಗಳನ್ನು.

ಅವರನ್ನು ದೂರುವಂತಿಲ್ಲ. ಫ್ರಿಯುಲಿಯ ರೈತರಲ್ಲಿ ಹೆಚ್ಚಿನವರು ಗೇಣಿದಾರರು. ಭೂಮಾಲೀಕನಿಗೆ ಗೋಧಿಯನ್ನು ಇಂತಿಷ್ಟೆಂದು ಅಳೆದು ಕೊಡಬೇಕು, ವೈನಿನಲ್ಲಿ ಪಾಲು ಕೊಡಬೇಕು. ಉಳಿದದ್ದರಲ್ಲಿ ಸಂಸಾರ ಸಾಗಬೇಕು. ಅಂಥವನಿಗೆ ಪೀಪಾಯಿ ತುಂಬಿದರೆ ಸಾಕು, ರುಚಿಯ ಮಾತು ಆಮೇಲಿನದು. ಹಾಗಾಗಿ ನೀರುನೀರಾದ, ಹುಳಿಮಿಶ್ರಿತ, ಬೇಸಿಗೆ ಬರುವ ಮೊದಲೇ ಕೆಡುವ ವೈನು ಫ್ರಿಯುಲಿಯ ತುಂಬ ಹರಿಯಿತು. ಅದನ್ನು ಊರಿನ ಹೋಟೆಲುಗಳಲ್ಲಿ ಕುಡಿಯಬಹುದಿತ್ತೇ ಹೊರತು ಹೊರದೇಶಕ್ಕೆ ಮಾರುವಂತಿರಲಿಲ್ಲ.

ಇಂಥ ಕಾಲದಲ್ಲಿ, ಫಸಲೇ ಸರಿಯಾಗಿ ಬಿಡದ ಒಂದು ಬಿಳಿ ದ್ರಾಕ್ಷಿ ತಳಿ ಆ ನೆಲದಲ್ಲಿ ಹೇಗೆ ಉಳಿಯಿತು, ಉಳಿದು ಹೇಗೆ ಯುರೋಪಿನ ಅರಮನೆಗಳ ಊಟದ ಮೇಜಿನವರೆಗೆ ಹೋಯಿತು ಎಂಬುದು ಕೃಷಿ ಇತಿಹಾಸದಲ್ಲಿ ತಿಳಿದುಕೊಳ್ಳಬೇಕಾದ ಕಥೆ. ಆ ತಳಿಯ ಹೆಸರು ಪಿಕೊಲಿತ್.

ಕಾಯಿ ಕಟ್ಟದ ಗೊಂಚಲು

ಕೃಷಿ ಮಾಡಿದ ದ್ರಾಕ್ಷಿ ತಳಿಗಳಲ್ಲಿ ಬಹುಪಾಲು ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಅಂಗಗಳನ್ನು ಹೊಂದಿರುತ್ತವೆ. ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಪಿಕೊಲಿತ್ ಹೂವಿನಲ್ಲಿ ಕೇಸರಗಳು ಇದ್ದರೂ ಹಿಂದಕ್ಕೆ ಬಾಗಿರುತ್ತವೆ, ಅವುಗಳ ಪರಾಗಕ್ಕೆ ಮೊಳೆಯುವ ಶಕ್ತಿಯಿಲ್ಲ. ಕೆಲಸದ ಮಟ್ಟಿಗೆ ಅದು ಹೆಣ್ಣು ಹೂವು. ಅಕ್ಕಪಕ್ಕದಲ್ಲಿ ಬೇರೆ ತಳಿಯ ಬಳ್ಳಿ ಅದೇ ಹೊತ್ತಿಗೆ ಹೂ ಬಿಟ್ಟಿರಬೇಕು. ಆ ಪರಾಗವನ್ನು ಗಾಳಿಯೋ ಕೀಟವೋ ತಂದು ಮುಟ್ಟಿಸಬೇಕು. ಹೂ ಬಿಡುವ ವಾರದಲ್ಲಿ ಮಳೆ ಹಿಡಿದರೆ ಅದೂ ಇಲ್ಲ. ಮಾವಿನ ಮರದಡಿ ಉದುರಿದ ಹೂವನ್ನು ಕಂಡವರಿಗೆ ಇದರ ಚಿತ್ರ ಸುಲಭವಾಗಿ ಸಿಗುತ್ತದೆ. ಹೂಗೊಂಚಲು ತುಂಬಿ ನಿಂತಿರುತ್ತದೆ, ಕಾಯಿಯಾಗುವವು ಬೆರಳೆಣಿಕೆಯವು.

ಸಾಮಾನ್ಯ ದ್ರಾಕ್ಷಿಯ ಗೊಂಚಲಿನಲ್ಲಿ ನೂರಕ್ಕೂ ಮೀರಿ ಹಣ್ಣುಗಳಿದ್ದರೆ ಪಿಕೊಲಿತ್ ಗೊಂಚಲಿನಲ್ಲಿ ಹಲವೊಮ್ಮೆ ಹದಿನೈದು ಇಪ್ಪತ್ತು ಮಾತ್ರ. ಹಣ್ಣೂ ಚಿಕ್ಕದು. ಆದರೆ ಬಳ್ಳಿ ಮಾಡಿದ ಸಕ್ಕರೆಯೆಲ್ಲ ಆ ಕೆಲವೇ ಹಣ್ಣುಗಳಿಗೆ ಹಂಚಿಕೆಯಾಗುತ್ತದೆ. ಗೊಂಚಲು ಬಿಡಿಬಿಡಿಯಾಗಿರುವುದರಿಂದ ಹಣ್ಣುಗಳ ನಡುವೆ ಗಾಳಿ ಆಡುತ್ತದೆ, ಕೊಳೆ ಸುಲಭವಾಗಿ ತಗಲುವುದಿಲ್ಲ. ಉಳಿದ ದ್ರಾಕ್ಷಿಗಳನ್ನು ಕೊಯ್ದು ಮುಗಿಸಿದ ಮೇಲೂ ಇದನ್ನು ಬಳ್ಳಿಯಲ್ಲೇ ಬಿಡಬಹುದು, ಕೊಯ್ದ ನಂತರ ಚಾಪೆಯ ಮೇಲೆ ಹರಡಿ ಬಾಡಿಸಬಹುದು. ನೀರು ಆರುತ್ತ ಹೋದಂತೆ ಸಕ್ಕರೆ, ಹುಳಿ, ಪರಿಮಳ ಮೂರೂ ಗಟ್ಟಿಯಾಗುತ್ತವೆ. ಅದನ್ನು ಹಿಂಡಿ ನಿಧಾನವಾಗಿ ಹುದುಗಿಸಿದರೆ ಸಕ್ಕರೆ ಪೂರ್ತಿ ಮದ್ಯಸಾರವಾಗುವ ಮೊದಲೇ ಹುದುಗು ನಿಲ್ಲುತ್ತದೆ. ಉಳಿಯುವುದು ಹೊಂಬಣ್ಣದ ಸಿಹಿ ವೈನು. ಜೇನು, ಏಪ್ರಿಕಾಟ್, ಒಣ ಅಂಜೂರದ ಪರಿಮಳ ಅದರದು. ಸಿಹಿ ನಾಲಿಗೆಗೆ ಅಂಟಿಕೊಳ್ಳದಂತೆ ಹುಳಿಯೂ ಜೊತೆಗಿರುತ್ತದೆ.

ರೈತನ ಲೆಕ್ಕದಲ್ಲಿ ದೋಷವಾಗಿದ್ದುದೇ ವೈನಿನ ಲೆಕ್ಕದಲ್ಲಿ ಗುಣವಾಯಿತು. ಹದಿನೆಂಟನೆಯ ಶತಮಾನದಲ್ಲಿ ಫ್ರಿಯುಲಿಯ ಇಬ್ಬರು ಈ ವಿಷಯವನ್ನು ವ್ಯಾಪಾರದ ಕಣ್ಣಿನಿಂದ ನೋಡಿದರು. ಒಬ್ಬ ರೇಷ್ಮೆ ವ್ಯಾಪಾರಿ, ಇನ್ನೊಬ್ಬ ಜಮೀನ್ದಾರ.

ವ್ಯಾಪಾರಿಯ ಪತ್ರಗಳು, ಜಮೀನ್ದಾರನ ಸೀಸೆಗಳು

ಆಂತೋನಿಯೊ ಝಾನೋನ್ ಉದಿನೆ ಪಟ್ಟಣದವನು. ರೇಷ್ಮೆಯ ವ್ಯಾಪಾರದಲ್ಲಿ ಬೆಳೆದು ವೆನಿಸ್‌ಗೆ ಹೋಗಿ ನೆಲೆಸಿದವನು. ಕೃಷಿ, ಕೈಕಸುಬು, ವಾಣಿಜ್ಯದ ಬಗ್ಗೆ ಅವನು ಬರೆದ ಪತ್ರಗಳು 1763ರಿಂದ ವೆನಿಸ್‌ನಲ್ಲಿ ಸಂಪುಟಗಳಾಗಿ ಅಚ್ಚಾದವು. ಅವನ ವಾದ ಸರಳವಾಗಿತ್ತು. ಫ್ರಿಯುಲಿ ಬಡವಾಗಿರುವುದು ನೆಲ ಕೆಟ್ಟದ್ದೆಂದಲ್ಲ, ನೆಲಕ್ಕೆ ತಕ್ಕ ಬೆಳೆಯನ್ನು ಆರಿಸಿ ಚೆನ್ನಾಗಿ ಮಾಡಿ ದೂರದ ಪೇಟೆಗೆ ಮಾರುವ ಅಭ್ಯಾಸ ಇಲ್ಲದ್ದರಿಂದ. 1762ರಲ್ಲಿ ಉದಿನೆಯಲ್ಲಿ ಪ್ರಾಯೋಗಿಕ ಕೃಷಿಗಾಗಿ ಒಂದು ಸಂಘ ಹುಟ್ಟಿಕೊಂಡಿತು. ಅದರ ಹಿಂದೆ ಝಾನೋನ್‌ನ ಪ್ರೇರಣೆ ಇತ್ತು. ಹಿಪ್ಪುನೇರಳೆ, ಗೊಬ್ಬರ, ಉತ್ತಮ ವೈನು ಇವೆಲ್ಲ ಆ ಹೊತ್ತಿನ ವಿದ್ಯಾವಂತ ಜಮೀನ್ದಾರರ ಮಾತುಕತೆಯ ವಿಷಯಗಳಾದವು.

ಆ ಮಾತನ್ನು ತೋಟದಲ್ಲಿ ನಡೆಸಿ ತೋರಿಸಿದವನು ಕೌಂಟ್ ಫಾಬಿಯೊ ಅಸ್ಕ್ವಿನಿ. 1726ರಲ್ಲಿ ಹುಟ್ಟಿದ ಇವನ ಜಮೀನು ಉದಿನೆಯ ವಾಯವ್ಯಕ್ಕಿರುವ ಫಗಾನ್ಯಾ ಎಂಬ ಗುಡ್ಡದೂರಿನಲ್ಲಿತ್ತು. ಪಿಕೊಲಿತ್ ಅವನು ಕಂಡುಹಿಡಿದ ಹೊಸ ತಳಿಯಲ್ಲ, ಫ್ರಿಯುಲಿಯ ತೋಟಗಳಲ್ಲಿ ಅಲ್ಲಲ್ಲಿ ಇದ್ದದ್ದೇ. ಅದನ್ನು ಬೇರ್ಪಡಿಸಿ, ಬಯಸಿ ನೆಟ್ಟು, ಅದರಿಂದ ಒಂದು ಹೆಸರಾಂತ ವೈನನ್ನು ಮಾಡುವ ಯೋಜನೆ ಅವನದು.

ಅವನ ಕಣ್ಣೆದುರಿಗಿದ್ದ ಮಾದರಿ ಹಂಗೇರಿಯ ತೋಕೈ ವೈನು. ಆ ಕಾಲದಲ್ಲಿ ಯುರೋಪಿನ ದೊರೆಗಳು ಹಂಬಲಿಸಿ ತರಿಸಿಕೊಳ್ಳುತ್ತಿದ್ದ ಸಿಹಿ ವೈನು ಅದು. 1737ರಲ್ಲಿ ಅರಸನ ಆಜ್ಞೆಯಿಂದ ತೋಕೈ ಪ್ರದೇಶದ ಎಲ್ಲೆಯನ್ನೇ ಗುರುತಿಸಲಾಗಿತ್ತು. ರಷ್ಯದ ಅರಮನೆಯಂತೂ ಈ ವೈನನ್ನು ಕೊಳ್ಳಲೆಂದೇ ತನ್ನ ಖರೀದಿ ತಂಡವನ್ನು 1733ರಿಂದ ಅಲ್ಲಿ ಇರಿಸಿತ್ತು. ವೆನಿಸ್ಸಿನವರಿಗೆ ಸಿಹಿ ವೈನಿನ ಬೆಲೆ ಮೊದಲಿನಿಂದಲೂ ಗೊತ್ತು. ಕ್ರೀಟ್ ದ್ವೀಪದ ಮಾಲ್ವಾಸಿಯಾ ವೈನನ್ನು ಶತಮಾನಗಳ ಕಾಲ ಉತ್ತರ ದೇಶಗಳಿಗೆ ಸಾಗಿಸಿ ಹಣ ಮಾಡಿದವರು ಅವರು. 1669ರಲ್ಲಿ ಕ್ರೀಟ್ ತುರ್ಕರ ಕೈಸೇರಿತು. ಸಮುದ್ರದಾಚೆಯ ಸಿಹಿ ಕೈತಪ್ಪಿದ ಮೇಲೆ ತಮ್ಮ ನೆಲದಲ್ಲೇ ಅಂಥದ್ದೊಂದು ಹುಟ್ಟಬೇಕು ಎಂಬ ಆಸೆಗೆ ಅರ್ಥವಿತ್ತು.

ಅಸ್ಕ್ವಿನಿ ಮಾಡಿದ ಕೆಲಸದಲ್ಲಿ ತೋಟಗಾರಿಕೆಯಷ್ಟೇ ಮುಖ್ಯವಾದದ್ದು ಅವನ ಮಾರಾಟದ ಬುದ್ಧಿ. ಅಂದಿನ ವೈನು ಸಾಮಾನ್ಯವಾಗಿ ಪೀಪಾಯಿಗಳಲ್ಲಿ ಸಾಗುತ್ತಿತ್ತು. ದಾರಿಯಲ್ಲಿ ಕಲಬೆರಕೆಯಾಗುತ್ತಿತ್ತು, ಗಾಳಿ ತಗುಲಿ ಕೆಡುತ್ತಿತ್ತು. ಅಸ್ಕ್ವಿನಿ ಪಿಕೊಲಿತ್ ವೈನನ್ನು ಸುಮಾರು ಕಾಲು ಲೀಟರ್ ಹಿಡಿಯುವ ಚಿಕ್ಕ ಗಾಜಿನ ಸೀಸೆಗಳಲ್ಲಿ ತುಂಬಿಸಿದ. ಸೀಸೆಗಳನ್ನು ಮಾಡಿಸಿದ್ದು ವೆನಿಸ್ಸಿನ ಪಕ್ಕದ ಮುರಾನೊ ದ್ವೀಪದಲ್ಲಿ, ಜಗತ್ತಿನ ಹೆಸರಾಂತ ಗಾಜುಗಾರರ ಕುಲುಮೆಗಳಲ್ಲಿ. ಒಳಗಿನದು ಎಷ್ಟು ಅಪರೂಪವೋ ಹೊರಗಿನದೂ ಅಷ್ಟೇ ಅಂದ. ಕೊಂಡವನು ಅದನ್ನು ಊಟದ ಕೊನೆಯಲ್ಲಿ ಪುಟ್ಟ ಲೋಟಗಳಿಗೆ ಬಗ್ಗಿಸಿ ಅತಿಥಿಗಳಿಗೆ ಹಂಚಬೇಕು. ಹೆಚ್ಚು ಬೆಳೆಯಲಾರದ ದ್ರಾಕ್ಷಿಯ ವೈನನ್ನು ಹೆಚ್ಚು ಕುಡಿಯಲಾಗದಂತೆ ಮಾರುವ ಉಪಾಯ ಅದು.

ಉಪಾಯ ಫಲಿಸಿತು. ವಿಯೆನ್ನಾ, ಪ್ಯಾರಿಸ್, ಲಂಡನ್, ರಷ್ಯದ ಅರಮನೆ, ಹಾಲೆಂಡಿನ ವ್ಯಾಪಾರಿಗಳು ಹೀಗೆ ಫಗಾನ್ಯಾದ ಸೀಸೆಗಳು ಯುರೋಪಿನ ದೊಡ್ಡ ಮನೆಗಳನ್ನು ತಲುಪಿದವು. ಹಳ್ಳಿಯ ಹೋಟೆಲಿನಾಚೆ ಹೋಗದಿದ್ದ ಫ್ರಿಯುಲಿಯ ವೈನಿಗೆ ಹೊರಗಿನ ಜಗತ್ತಿನಲ್ಲಿ ಒಂದು ಹೆಸರು ಸಿಕ್ಕಿತು.

ಅರಮನೆಗಳು ಬಿದ್ದ ಮೇಲೆ

ಆ ವ್ಯಾಪಾರ ನಿಂತಿದ್ದ ನೆಲವೇ 1797ರಲ್ಲಿ ಕುಸಿಯಿತು. ಮಾರ್ಚ್ ತಿಂಗಳಲ್ಲಿ ನೆಪೋಲಿಯನ್ನನ ಸೈನ್ಯ ತಾಲ್ಯಮೆಂತೊ ನದಿ ದಾಟಿ ಫ್ರಿಯುಲಿಗೆ ನುಗ್ಗಿತು. ಮೇ 12ರಂದು ಸಾವಿರ ವರ್ಷದ ವೆನಿಸ್ ಗಣರಾಜ್ಯ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಅಕ್ಟೋಬರ್ 17ರ ಒಪ್ಪಂದದಲ್ಲಿ ವೆನಿಸ್ಸನ್ನೂ ಫ್ರಿಯುಲಿಯನ್ನೂ ಆಸ್ಟ್ರಿಯಾಕ್ಕೆ ಬಿಟ್ಟುಕೊಡಲಾಯಿತು. ಒಪ್ಪಂದಕ್ಕೆ ಹೆಸರು ಕೊಟ್ಟ ಕಾಂಪೊಫೋರ್ಮಿದೊ ಉದಿನೆಯ ಪಕ್ಕದ ಹಳ್ಳಿ. ಮಾತುಕತೆಯ ದಿನಗಳಲ್ಲಿ ನೆಪೋಲಿಯನ್ ಬಿಡಾರ ಹೂಡಿದ್ದು ವೆನಿಸ್ಸಿನ ಕೊನೆಯ ದೊರೆ ಲುದೊವಿಕೊ ಮಾನಿನ್‌ನ ಮನೆತನದ ಬಂಗಲೆಯಲ್ಲಿ. ಅಂದರೆ ಅಸ್ಕ್ವಿನಿಯ ತೋಟದಿಂದ ಅರ್ಧ ದಿನದ ಸವಾರಿಯ ದೂರದಲ್ಲಿ ಯುರೋಪಿನ ನಕ್ಷೆ ಬದಲಾಯಿತು.

ಮುಂದಿನ ಎರಡು ದಶಕ ಯುದ್ಧದ ಕಾಲ. ಫ್ರಿಯುಲಿ ಆಸ್ಟ್ರಿಯಾದ ಕೈಗೆ, ಮತ್ತೆ ಫ್ರೆಂಚರ ಕೈಗೆ, ಮತ್ತೆ ಆಸ್ಟ್ರಿಯಾದ ಕೈಗೆ ಹೋಯಿತು. ಸುಂಕದ ಗಡಿಗಳು ಬದಲಾದವು. ಸಿಹಿ ವೈನಿನ ಪುಟ್ಟ ಸೀಸೆ ತರಿಸಿಕೊಳ್ಳುತ್ತಿದ್ದ ದರ್ಬಾರುಗಳಲ್ಲಿ ಕೆಲವು ಇಲ್ಲವಾದವು, ಉಳಿದವು ಯುದ್ಧದ ಖರ್ಚಿನಲ್ಲಿ ಮುಳುಗಿದ್ದವು. ಅಸ್ಕ್ವಿನಿ ತೊಂಬತ್ತು ದಾಟಿ ಬದುಕಿ 1818ರಲ್ಲಿ ತೀರಿಕೊಂಡ. ತನ್ನ ಉದ್ಯಮ ಏರಿದ್ದನ್ನೂ ಅದರ ಗಿರಾಕಿಗಳ ಜಗತ್ತು ಬಿದ್ದದ್ದನ್ನೂ ಒಂದೇ ಆಯುಷ್ಯದಲ್ಲಿ ನೋಡಿದವನು ಅವನು.

ಹೊರಗಿನ ಬೇಡಿಕೆ ನಿಂತ ಮೇಲೆ ಪಿಕೊಲಿತ್ ಮತ್ತೆ ಕೆಲವು ಮನೆತನಗಳ ಖಾಸಗಿ ವೈನಾಯಿತು. ಮದುವೆಗೆ, ಹಬ್ಬಕ್ಕೆ, ಗಣ್ಯರು ಮನೆಗೆ ಬಂದಾಗ ತೆಗೆಯುವಂಥದ್ದು. ಅಷ್ಟು ಇದ್ದರೂ ಬಳ್ಳಿ ಬದುಕಿಕೊಳ್ಳುತ್ತಿತ್ತು. ಆದರೆ ಹತ್ತೊಂಬತ್ತನೆಯ ಶತಮಾನ ಅಮೆರಿಕದಿಂದ ಮೂರು ಪಿಡುಗುಗಳನ್ನು ಯುರೋಪಿನ ದ್ರಾಕ್ಷಿ ತೋಟಗಳಿಗೆ ತಂದಿತು. 1850ರ ದಶಕದ ಆರಂಭದಲ್ಲಿ ಬೂದಿ ರೋಗ ಉತ್ತರ ಇಟಲಿಯನ್ನು ಮುತ್ತಿತು. ಅದಕ್ಕೆ ಗಂಧಕದ ಪುಡಿ ಮದ್ದು ಎಂದು ಕಲಿಯುವಷ್ಟರಲ್ಲಿ ಎಲೆಯ ಅಡಿಯಲ್ಲಿ ಬಿಳಿ ಬೂಜು ಹಿಡಿಸುವ ಇನ್ನೊಂದು ರೋಗ ಬಂತು. ಅದರ ಬೆನ್ನಿಗೇ ಫೈಲೋಕ್ಸೆರಾ ಬಂತು. ಬೇರಿಗೆ ಅಂಟಿಕೊಂಡು ರಸ ಹೀರುವ, ಹೇನಿನಷ್ಟು ಸಣ್ಣ ಕೀಟ ಅದು. ಬೇರು ಗಂಟುಕಟ್ಟಿ ಕೊಳೆತು ಬಳ್ಳಿ ಸಾಯುತ್ತಿತ್ತು. 1879ರಲ್ಲಿ ಇಟಲಿಯಲ್ಲಿ ಕಾಣಿಸಿಕೊಂಡ ಫೈಲೋಕ್ಸೆರಾ ಶತಮಾನ ಮುಗಿಯುವುದರೊಳಗೆ ಫ್ರಿಯುಲಿಗೂ ಹಬ್ಬಿತು.

ಇದಕ್ಕೆ ಸಿಕ್ಕ ಪರಿಹಾರ ಒಂದೇ. ಆ ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ಯುರೋಪಿನ ಬಳ್ಳಿಯನ್ನು ಕಸಿ ಕಟ್ಟುವುದು. ಇಂದು ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಬೆಳೆಗಾರರು ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಕಟ್ಟುತ್ತಾರಲ್ಲ, ಅದೂ ಅಮೆರಿಕ ಮೂಲದ್ದೇ. ನಮ್ಮಲ್ಲಿ ಕಾರಣ ನೀರಿನ ಕೊರತೆ ಮತ್ತು ಉಪ್ಪುನೆಲ, ವಿದ್ಯೆ ಮಾತ್ರ ಫೈಲೋಕ್ಸೆರಾದ ಕಾಲ ಕಲಿಸಿದ್ದು.

ಕಸಿಯ ಕಾಲ ಪ್ರತಿ ತಳಿಯನ್ನೂ ಒಂದು ಪ್ರಶ್ನೆಗೆ ಒಡ್ಡಿತು. ಇಡೀ ತೋಟವನ್ನು ಕಿತ್ತು ಹೊಸದಾಗಿ ನೆಡುವಾಗ, ಸಸಿಗೂ ಕೂಲಿಗೂ ಹಣ ಸುರಿಯುವಾಗ, ಯಾವ ತಳಿಯನ್ನು ಕಸಿ ಕಟ್ಟಿಸಬೇಕು? ಫ್ರಿಯುಲಿಯ ಜಮೀನ್ದಾರರು ಮೆರ್ಲೋ, ಕ್ಯಾಬರ್ನೆ, ಸೋವಿನ್ಯೋನ್‌ನಂಥ ಫ್ರೆಂಚ್ ತಳಿಗಳತ್ತ ತಿರುಗಿದರು. ಅವು ನಂಬಿಕೆಯ ಫಸಲು ಕೊಡುತ್ತಿದ್ದವು. ಊರಿನ ಹಳೆಯ ತಳಿಗಳು ಒಂದೊಂದಾಗಿ ಪಟ್ಟಿಯಿಂದ ಬಿದ್ದವು. ಹತ್ತಿಪ್ಪತ್ತು ಹಣ್ಣಿನ ಗೊಂಚಲಿನ ಪಿಕೊಲಿತ್‌ಗೆ ದುಬಾರಿ ಬೇರುಸಸಿಯನ್ನು ಮೀಸಲಿಡಲು ಯಾರೂ ಸುಲಭವಾಗಿ ಒಪ್ಪುವಂತಿರಲಿಲ್ಲ.

ರೊಕ್ಕಾ ಬೆರ್ನಾರ್ದಾದ ಹಟ

ಒಪ್ಪಿದ ಮನೆತನ ಪೆರುಸಿನಿಯವರದು. ಚಿವಿದಾಲೆ ಪಟ್ಟಣದ ಹತ್ತಿರ, ಇಪ್ಲಿಸ್ ಹಳ್ಳಿಯ ಗುಡ್ಡದ ಮೇಲೆ ರೊಕ್ಕಾ ಬೆರ್ನಾರ್ದಾ ಎಂಬ ಕೋಟೆಮನೆ ಇದೆ. ನಾಲ್ಕು ಮೂಲೆಗೂ ದುಂಡನೆಯ ಬುರುಜುಗಳಿರುವ ಈ ಕಟ್ಟಡ ಹದಿನಾರನೆಯ ಶತಮಾನದ್ದು. ಸುತ್ತಲಿನ ಇಳಿಜಾರುಗಳ ಮಣ್ಣನ್ನು ಊರವರು ‘ಪೊಂಕಾ’ ಎನ್ನುತ್ತಾರೆ. ಪ್ರಾಚೀನ ಸಮುದ್ರತಳದ ಸುಣ್ಣಮಿಶ್ರಿತ ಜೇಡಿಯೂ ಮರಳುಗಲ್ಲೂ ಪದರಪದರವಾಗಿ ಕೂತ ನೆಲ ಅದು. ಮಳೆ ಬಿಸಿಲಿಗೆ ಪುಡಿಯಾಗುತ್ತದೆ, ನೀರು ನಿಲ್ಲಗೊಡುವುದಿಲ್ಲ. ಬಳ್ಳಿ ಸೊಕ್ಕಿ ಬೆಳೆಯದೆ ಹಣ್ಣನ್ನು ಮಾಗಿಸಲು ಹೇಳಿಮಾಡಿಸಿದ ಜಾಗ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಾಕೊಮೊ ಪೆರುಸಿನಿ ಈ ಇಳಿಜಾರುಗಳಲ್ಲಿ ಪಿಕೊಲಿತ್ ಬಳ್ಳಿಗಳನ್ನು ಒಂದೊಂದಾಗಿ ಗಮನಿಸಿ, ಉಳಿದವುಗಳಿಗಿಂತ ಗಟ್ಟಿಯಾದ, ಸ್ವಲ್ಪವಾದರೂ ಸ್ಥಿರವಾಗಿ ಕಾಯಿ ಕಟ್ಟುವ ಬಳ್ಳಿಗಳನ್ನು ಆರಿಸಿ ಕಸಿಗೆ ಬಳಸಿದ. ಬಳ್ಳಿಯ ಹುಟ್ಟುಗುಣ ಇದರಿಂದ ಹೋಗುವುದಿಲ್ಲ, ಹೂವು ಆಮೇಲೂ ಉದುರುತ್ತದೆ. ಆದರೆ ಕೆಟ್ಟದ್ದರಲ್ಲಿ ವಾಸಿಯಾದದ್ದನ್ನು ಆರಿಸಿ ಉಳಿಸಿಕೊಳ್ಳುವುದೇ ತಳಿ ಸಂರಕ್ಷಣೆಯ ಮೊದಲ ಪಾಠ. ಇಂದಿನ ಪಿಕೊಲಿತ್ ತೋಟಗಳು ಆ ಆಯ್ಕೆಗೆ ಋಣಿಯಾಗಿವೆ.

ಅಷ್ಟರಲ್ಲೇ ಮೊದಲ ಮಹಾಯುದ್ಧ ಈ ಗುಡ್ಡಗಳ ಬಾಗಿಲಿಗೆ ಬಂತು. 1915ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಸೇನೆಯ ಪ್ರಧಾನ ಕಚೇರಿ ಉದಿನೆಯಲ್ಲಿ ಕೂತಿತು. 1917ರ ಅಕ್ಟೋಬರ್ 24ರಂದು ಕಪೊರೆತ್ತೊದಲ್ಲಿ ಇಟಲಿಯ ಸೇನಾಸಾಲು ಒಡೆಯಿತು. ಕೆಲವೇ ದಿನಗಳಲ್ಲಿ ಚಿವಿದಾಲೆಯೂ ಉದಿನೆಯೂ ಶತ್ರುವಿನ ವಶವಾದವು. ಒಂದು ವರ್ಷದ ಆಕ್ರಮಣದಲ್ಲಿ ಧಾನ್ಯ, ದನ, ವೈನು, ಪಾತ್ರೆಪಡಗ ಎಲ್ಲವೂ ಸೈನಿಕರ ಪಾಲಾಯಿತು. ಯುದ್ಧ ಮುಗಿದಾಗ ತೋಟಗಳನ್ನು ಮತ್ತೆ ಕಟ್ಟಬೇಕಿತ್ತು.

ರೊಕ್ಕಾ ಬೆರ್ನಾರ್ದಾದಲ್ಲಿ ಆ ಕೆಲಸವನ್ನು ಹೊತ್ತವರು ಜುಸೆಪ್ಪಿನಾ ಪೆರುಸಿನಿ ಆಂತೊನಿನಿ ಮತ್ತು ಆಕೆಯ ಮಗ ಗಯೆತಾನೊ. ಜುಸೆಪ್ಪಿನಾ ಫ್ರಿಯುಲಿಯ ಮನೆಯಡುಗೆಯನ್ನು ಸಂಗ್ರಹಿಸಿ ಪುಸ್ತಕ ಬರೆದಾಕೆ. ಗಯೆತಾನೊ ಮುಂದೆ ಜಾನಪದ ವಿದ್ವಾಂಸನಾಗಿ ತ್ರಿಯೆಸ್ತೆ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ. ಫ್ರಿಯುಲಿಯ ರೈತರ ಗೇಣಿ ಕರಾರುಗಳನ್ನು, ಗೋಧಿ ಮತ್ತು ವೈನಿನ ಪಾಲಿನ ಆ ಹಳೆಯ ಒಪ್ಪಂದಗಳನ್ನು ಕೂಲಂಕಷವಾಗಿ ಅಧ್ಯಯನ ಮಾಡಿದವನು ಅವನೇ. ಬಡವನ ಕೈಯಲ್ಲಿ ಈ ಬಳ್ಳಿ ಏಕೆ ಉಳಿಯಲಾರದು ಎಂಬುದನ್ನು ಅವನಷ್ಟು ಬಲ್ಲವರು ಅಪರೂಪ. ತಾಯಿಮಕ್ಕಳು ಪಿಕೊಲಿತ್ ನೆಡುವುದನ್ನು ನಿಲ್ಲಿಸಲಿಲ್ಲ. 1977ರಲ್ಲಿ ಗಯೆತಾನೊ ತೀರಿಕೊಂಡಾಗ ಕೋಟೆಮನೆಯೂ ತೋಟಗಳೂ ಅವನ ಉಯಿಲಿನಂತೆ ಮಾಲ್ಟಾದ ಧಾರ್ಮಿಕ ಸೈನಿಕ ಸಂಘಕ್ಕೆ ಸೇರಿದವು.

ಹಿಂಡಿದ ಸಿಪ್ಪೆಗೂ ಬೆಲೆ

1970ರಲ್ಲಿ ಚಿವಿದಾಲೆ ಸುತ್ತಲಿನ ಪೂರ್ವ ಗುಡ್ಡಗಳಿಗೆ, ಅಂದರೆ ಕೊಲ್ಲಿ ಓರಿಯೆಂತಾಲಿಗೆ, ಇಟಲಿಯ ಸರ್ಕಾರ ಮೂಲಸ್ಥಾನದ ಮಾನ್ಯತೆ ಕೊಟ್ಟಿತು. ವೈನಿನ ಬಗ್ಗೆ ಇಡೀ ಇಟಲಿ ಕಿವಿಗೊಡುತ್ತಿದ್ದ ಬರಹಗಾರ ಲುಯಿಜಿ ವೆರೊನೆಲ್ಲಿ ಪಿಕೊಲಿತ್ ಅನ್ನು ಮನಸಾರೆ ಹೊಗಳಿ ಬರೆದ. ಬೆಲೆ ಏರತೊಡಗಿತು.

ಈ ಹೊತ್ತಿನಲ್ಲಿ ಬಳ್ಳಿಯ ಕಥೆಗೆ ಅನಿರೀಕ್ಷಿತ ದಿಕ್ಕಿನಿಂದ ಸಹಾಯ ಬಂತು. ಪೆರ್ಕೊತೊ ಹಳ್ಳಿಯ ನೊನಿನೊ ಮನೆತನ 1897ರಿಂದ ಗ್ರಾಪ್ಪಾ ಭಟ್ಟಿ ಇಳಿಸುತ್ತಿತ್ತು. ವೈನಿಗಾಗಿ ದ್ರಾಕ್ಷಿ ಹಿಂಡಿದ ಮೇಲೆ ಉಳಿಯುವ ಸಿಪ್ಪೆ, ಬೀಜಗಳಿಂದ ತೆಗೆಯುವ ಮದ್ಯ ಗ್ರಾಪ್ಪಾ. ಆಗ ಅದು ಬಡವರ ಪಾನೀಯವಾಗಿತ್ತು, ಚಳಿಗೆ ಮೈ ಕಾಯಿಸಿಕೊಳ್ಳಲು ಕುಡಿಯುವಂಥದ್ದು. ಎಲ್ಲ ತಳಿಗಳ ಸಿಪ್ಪೆಯನ್ನೂ ಒಟ್ಟಿಗೆ ರಾಶಿ ಹಾಕಿ ಭಟ್ಟಿಗೆ ತರುವುದು ವಾಡಿಕೆಯಾಗಿತ್ತು. ಬೆನಿತೊ ಮತ್ತು ಜಾನ್ನೊಲಾ ನೊನಿನೊ ದಂಪತಿ ಒಂದೇ ತಳಿಯ, ಅದರಲ್ಲೂ ಪಿಕೊಲಿತ್‌ನ ಸಿಪ್ಪೆಯಿಂದ ಗ್ರಾಪ್ಪಾ ಇಳಿಸಲು ಹೊರಟರು. ಅದಕ್ಕೆ ಪಿಕೊಲಿತ್ ಸಿಪ್ಪೆಯನ್ನು ಬೇರೆಯಾಗಿ, ಹಸಿಯಾಗಿರುವಾಗಲೇ ಎತ್ತಿಡಬೇಕು. ರೈತರಿಗೆ ಇದು ಬೇಡದ ಕೆಲಸ. ಜಾನ್ನೊಲಾ ಆ ಮನೆಗಳ ಹೆಂಗಸರನ್ನು ಕೇಳಿಕೊಂಡಳು, ಬೇರೆ ಮಾಡಿಟ್ಟ ಸಿಪ್ಪೆಗೆ ಒಳ್ಳೆಯ ಹಣ ಕೊಟ್ಟಳು. ತಮ್ಮ ಕೈಗೆ ನೇರವಾಗಿ ಬರುವ ದುಡ್ಡನ್ನು ಹೆಂಗಸರು ಬಿಡಲಿಲ್ಲ. 1973ರ ಡಿಸೆಂಬರ್ 1ರಂದು ಪಿಕೊಲಿತ್‌ನ ಮೊದಲ ಗ್ರಾಪ್ಪಾ ಇಳಿಯಿತು. ಅದನ್ನು ತುಂಬಿದ್ದು ಊದಿ ಮಾಡಿದ ಗಾಜಿನ ಚಿಕ್ಕ ಸೀಸೆಗಳಲ್ಲಿ. ಎರಡು ಶತಮಾನ ಹಿಂದೆ ಅಸ್ಕ್ವಿನಿ ಹಿಡಿದ ದಾರಿಯನ್ನೇ ಇವರೂ ಹಿಡಿದಿದ್ದರು.

ನೊನಿನೊ ದಂಪತಿ ಅಲ್ಲಿಗೆ ನಿಲ್ಲಲಿಲ್ಲ. 1975ರಲ್ಲಿ ಫ್ರಿಯುಲಿಯ ಅಳಿಯುತ್ತಿದ್ದ ಹಳೆಯ ತಳಿಗಳನ್ನು ನೆಟ್ಟು ಬೆಳೆಸುವವರಿಗೆ ಒಂದು ಬಹುಮಾನ ಸ್ಥಾಪಿಸಿದರು. ಸ್ಕಿಯೊಪೆತ್ತೀನೊ, ಪಿನ್ಯೋಲೊ, ತಾತ್ಸೆಲೆಂಗೆ ಎಂಬ ಮೂರು ಕಪ್ಪು ದ್ರಾಕ್ಷಿಗಳ ಪರವಾಗಿ ನಡೆದ ಒತ್ತಾಯ ಅದು. ಆ ತಳಿಗಳಿಗೆ ಆಗ ಅಧಿಕೃತ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಅವಕ್ಕೆ ಮಾನ್ಯತೆ ಸಿಕ್ಕಿತು. ಪಿಕೊಲಿತ್‌ನಿಂದ ಆರಂಭವಾದ ಕಾಳಜಿ ಅದರ ನೆರೆಯ ಬಳ್ಳಿಗಳನ್ನೂ ಉಳಿಸಿತು.

ಹೆಸರು ಬಂದದ್ದರಿಂದ ಕೇಡೂ ಬಂತು. ಬೇಡಿಕೆಗೆ ತಕ್ಕಷ್ಟು ಹಣ್ಣು ಈ ಬಳ್ಳಿಯಲ್ಲಿ ಎಂದೂ ಬಿಡದು. ದುಬಾರಿ ಹೆಸರಿನ ಕೆಳಗೆ ಸಾಧಾರಣ ವೈನುಗಳೂ ಮಾರಾಟವಾದವು. ಬೆಲೆಗೆ ತಕ್ಕ ಗುಣವಿಲ್ಲ ಎಂಬ ಮಾತು ವಿಮರ್ಶಕರಿಂದ ಬಂತು. ಗುಡ್ಡಗಾಡಿನ ಪ್ರಾಮಾಣಿಕ ಬೆಳೆಗಾರರಿಗೆ ಇದರಿಂದ ಪೆಟ್ಟು ಬಿತ್ತು. ಅವರ ಬೇಡಿಕೆ ಕಟ್ಟುನಿಟ್ಟಾದ ನಿಯಮ. 2006ರಲ್ಲಿ ಕೊಲ್ಲಿ ಓರಿಯೆಂತಾಲಿಯ ಪಿಕೊಲಿತ್‌ಗೆ ಇಟಲಿಯ ವೈನ್ ಕಾನೂನಿನ ಅತ್ಯುನ್ನತ ದರ್ಜೆಯಾದ ಡಿಓಸಿಜಿ ದೊರೆಯಿತು. ಹೆಕ್ಟೇರಿಗೆ ನಾಲ್ಕು ಟನ್ನಿಗಿಂತ ಹೆಚ್ಚು ದ್ರಾಕ್ಷಿ ತೆಗೆಯುವಂತಿಲ್ಲ, ಸೀಸೆಯಲ್ಲಿ ಕನಿಷ್ಠ ಶೇಕಡಾ 85ರಷ್ಟು ಪಿಕೊಲಿತ್ ಇರಲೇಬೇಕು. ಅಸ್ಕ್ವಿನಿಯ ಫಗಾನ್ಯಾ ಈ ಎಲ್ಲೆಯ ಹೊರಗೆ ಉಳಿದಿದೆ. ಬಳ್ಳಿಗೆ ಕೀರ್ತಿ ತಂದ ಊರು ಒಂದು, ಬಳ್ಳಿಯನ್ನು ಕಾಪಾಡಿದ ಊರು ಇನ್ನೊಂದು. ಕಾನೂನು ಕಾಪಾಡಿದ ಊರಿನ ಕಡೆ ನಿಂತಿತು.

ಹಂಗೇರಿಯ ಬಾಲಾಟನ್ ಸರೋವರದ ದಡದಲ್ಲಿ ಬೆಳೆಯುವ ಕೆಕ್‌ನ್ಯೆಲು ಎಂಬ ದ್ರಾಕ್ಷಿಯೂ ಪಿಕೊಲಿತ್ತೂ ಒಂದೇ ಎಂದು ಬಹುಕಾಲ ಹೇಳಲಾಗುತ್ತಿತ್ತು. ಅದರದೂ ಹೆಣ್ಣು ಹೂವೇ. ಡಿಎನ್‌ಎ ಪರೀಕ್ಷೆ ಈ ಎರಡೂ ಬೇರೆ ಬೇರೆ ತಳಿಗಳೆಂದು ತೋರಿಸಿತು. ಹಾಗಾಗಿ ಪಿಕೊಲಿತ್ ಫ್ರಿಯುಲಿಯಲ್ಲಿ ಅಳಿದುಹೋದರೆ ಅದನ್ನು ಮರಳಿ ತರಲು ಹಂಗೇರಿಯಲ್ಲೊಂದು ತಾಯಿಬಳ್ಳಿ ಇರುವುದಿಲ್ಲ.

ಈ ಮುನ್ನೂರು ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಕೀರ್ತಿ ಪಿಕೊಲಿತ್‌ಗೆ ಎರಡು ಸಲ ಬಂತು, ಎರಡು ಸಲವೂ ಅದಕ್ಕೆ ಭದ್ರತೆ ಕೊಡಲಿಲ್ಲ. ಮೊದಲ ಸಲ ಗಿರಾಕಿಗಳೇ ಇಲ್ಲವಾದರು, ಎರಡನೆಯ ಸಲ ಗಿರಾಕಿಗಳು ಅತಿಯಾದರು. ಬಳ್ಳಿಯನ್ನು ದಾಟಿಸಿದ್ದು ನಡುವಿನ ಯಾರೂ ಕೇಳದ ವರ್ಷಗಳಲ್ಲಿ ಕಸಿ ಕಟ್ಟಿದವರು, ಆರಿಸಿ ನೆಟ್ಟವರು, ಆಮೇಲೆ ಸಿಪ್ಪೆಯನ್ನು ಬೇರೆ ಮಾಡಿಟ್ಟ ಹೆಂಗಸರು. ಒಂದು ತಳಿಯನ್ನು ಉಳಿಸಬೇಕೆಂದಿರುವ ಯಾವ ನಾಡಾದರೂ ಮೊದಲು ಮಾಡಬೇಕಾದದ್ದು ಇಂಥವರನ್ನು ಗುರುತಿಸಿ, ಅವರ ದುಡಿಮೆಗೆ ತಕ್ಕ ಹಣ ಅವರ ಕೈ ಸೇರುವಂತೆ ಮಾಡುವುದು. ಉಳಿದ ಕಾನೂನು, ಬಿರುದು, ಬಹುಮಾನ ಎಲ್ಲವೂ ಅದರ ನಂತರದ್ದು.